ಹಳೆಯದರಲ್ಲೇ ಉಳಿಯಬೇಕೇ, ಹೊಸದಕ್ಕೆ ಹೋಗಬೇಕೇ: ಫೈಟಿಂಗ್ ಗೇಮ್ ಆಡುವವರಿಗೊಂದು ಹೋಲಿಕೆ

ಫೈಟಿಂಗ್ ಗೇಮ್ ಸರಣಿಯೊಂದರ ಹೊಸ ಭಾಗ ಹೊರಬಂದ ವಾರದಲ್ಲಿ ಎರಡು ದೂರುಗಳು ತಪ್ಪದೆ ಕಿವಿಗೆ ಬೀಳುತ್ತವೆ. ‘ಅವೇ ಪಾತ್ರಗಳು, ಅವೇ ವರಸೆಗಳು, ಬಣ್ಣವಷ್ಟೇ ಹೊಸದು’ ಎನ್ನುವವರು ಒಂದು ಕಡೆ. ‘ವರ್ಷಗಟ್ಟಲೆ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು, ಇದು ಬೇರೆಯೇ ಆಟ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಮಾತನಾಡುತ್ತಿರುವುದು ಒಂದೇ ಆಟದ ಬಗ್ಗೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಆಟವನ್ನು ಕಣ್ಣಿನಿಂದ ಅಳೆಯುತ್ತಿದ್ದಾರೆ, ಇನ್ನೊಬ್ಬರು ಬೆರಳಿನಿಂದ.

ಹಳೆಯ ಭಾಗದಲ್ಲೇ ಉಳಿಯಬೇಕೋ ಹೊಸದಕ್ಕೆ ಹಣ ಹಾಕಬೇಕೋ ಎಂದು ತೂಗುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಳತೆ ಒಂದೇ. ಎದುರಾಳಿ ಕೈ ಎತ್ತಿದ ಆ ಅರೆ ಸೆಕೆಂಡಿನಲ್ಲಿ ನನ್ನ ಮುಂದೆ ನಿಲ್ಲುವ ಪ್ರಶ್ನೆ ಬದಲಾಗಿದೆಯೇ? ಬದಲಾಗಿದ್ದರೆ, ಪಾತ್ರಗಳೆಲ್ಲ ಹಳೆಯವೇ ಆಗಿದ್ದರೂ ಅದು ಹೊಸ ಆಟ. ಬದಲಾಗದಿದ್ದರೆ, ಇಪ್ಪತ್ತು ಹೊಸ ಮುಖಗಳು ಬಂದಿದ್ದರೂ ಅದು ಹಳೆಯದೇ. ಪಾತ್ರಗಳ ಎಣಿಕೆ, ಚಿತ್ರದ ಹೊಳಪು, ಕಥೆಯ ಉದ್ದ ಇವೆಲ್ಲ ಆಮೇಲಿನ ಮಾತು.

ಒಂದೇ ಹಡೋಕೆನ್, ಬೇರೆ ಬೇರೆ ಪ್ರಶ್ನೆ

ಈ ಅಳತೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದೇ ಒಂದು ವರಸೆಯನ್ನು ಹಿಡಿದು ನೋಡೋಣ. ಸ್ಟ್ರೀಟ್ ಫೈಟರ್ ಸರಣಿಯ ರಿಯು ಎಂಬ ಪಾತ್ರದ ಹಡೋಕೆನ್. ಸ್ಟಿಕ್ಕನ್ನು ಕೆಳಕ್ಕೆ ಒತ್ತಿ, ಓರೆಯಾಗಿ ಉರುಳಿಸಿ, ಮುಂದಕ್ಕೆ ತಂದು ಪಂಚ್ ಬಟನ್ ಒತ್ತಿದರೆ ಅವನ ಅಂಗೈಗಳ ನಡುವಿನಿಂದ ಬೆಂಕಿಯ ಉಂಡೆಯಂಥದ್ದೊಂದು ಹೊರಟು ಎದುರಾಳಿಯತ್ತ ಸಾಗುತ್ತದೆ. 1987ರ ಮೊದಲ ಸ್ಟ್ರೀಟ್ ಫೈಟರ್‌ನಲ್ಲಿ ಬೆರಳಿನ ಚಲನೆ ಇದೇ ಆಗಿತ್ತು. 2023ರ ಸ್ಟ್ರೀಟ್ ಫೈಟರ್ 6ರಲ್ಲಿಯೂ ಇದೇ. ಹೊರಗಿನಿಂದ ನೋಡುವವರಿಗೆ ಮೂವತ್ತಾರು ವರ್ಷಗಳಲ್ಲಿ ಏನೂ ಬದಲಾಗಿಲ್ಲ.

ಆದರೆ ಆ ಉಂಡೆ ಬರುತ್ತಿರುವಾಗ ಎದುರಿಗಿರುವವರು ಏನು ಮಾಡಬೇಕು? 1991ರ ಸ್ಟ್ರೀಟ್ ಫೈಟರ್ 2ರಲ್ಲಿ ದಾರಿಗಳು ಹೆಚ್ಚಿರಲಿಲ್ಲ. ತಡೆದು ನಿಲ್ಲಬಹುದು, ತಡೆದರೂ ಜೀವ ಚೂರುಚೂರಾಗಿ ಸವೆಯುತ್ತದೆ. ತಮ್ಮದೇ ಉಂಡೆ ಬಿಟ್ಟು ಅದನ್ನು ನಡುದಾರಿಯಲ್ಲಿ ಆರಿಸಬಹುದು. ಹಾರಬಹುದು, ಹಾರಿದರೆ ರಿಯು, ಮೇಲಕ್ಕೆ ಚಿಮ್ಮುವ ಮುಷ್ಟಿಯಾದ ಶೊರ್ಯುಕೆನ್‌ನಿಂದ ಗಾಳಿಯಲ್ಲೇ ಹೊಡೆದು ಉರುಳಿಸುತ್ತಾನೆ. ಉಂಡೆ ಬಿಡುವವನು ಹಾರುವಂತೆ ಪೀಡಿಸುತ್ತಾನೆ, ಎದುರಿನವನು ಬಿಡುವ ಗಳಿಗೆಯನ್ನು ಮೊದಲೇ ಊಹಿಸಿ ಹಾರಬೇಕು. ಆ ಆಟದ ಅರ್ಧ ಸೌಂದರ್ಯ ಈ ಎಳೆದಾಟದಲ್ಲಿದೆ. ಇಂದಿಗೂ ಅದನ್ನು ಆಡುವವರಿದ್ದಾರೆ ಎಂದರೆ ಕಾರಣ ನೆನಪಿನ ಮೋಹವೊಂದೇ ಅಲ್ಲ.

1995ರ ಆಲ್ಫಾ ಸರಣಿ ಗಾಳಿಯಲ್ಲಿಯೂ ತಡೆಯಲು ಅವಕಾಶ ಕೊಟ್ಟಿತು. ಹಾರಿದವರಿಗೆ ಸಿಗುತ್ತಿದ್ದ ಶಿಕ್ಷೆ ಸಡಿಲವಾಯಿತು. ಹಡೋಕೆನ್‌ನ ಬೆದರಿಕೆಯೂ ತಗ್ಗಿತು. ನಿಜವಾಗಿ ನೆಲವನ್ನೇ ಅಲುಗಾಡಿಸಿದ್ದು 1997ರ ಸ್ಟ್ರೀಟ್ ಫೈಟರ್ 3. ಅಲ್ಲಿ ಬಂದದ್ದು ಪ್ಯಾರಿ. ಪೆಟ್ಟು ತಾಗುವ ಕ್ಷಣಕ್ಕೆ ಸರಿಯಾಗಿ ಸ್ಟಿಕ್ಕನ್ನು ತಡೆಯಲು ಹಿಂದಕ್ಕೆ ಎಳೆಯುವ ಬದಲು ಪೆಟ್ಟಿನ ಕಡೆಗೇ ತಳ್ಳಿದರೆ ಯಾವ ನೋವೂ ಇಲ್ಲದೆ ಅದು ಕಳಚಿಬೀಳುತ್ತದೆ. ಇದುವರೆಗೆ ಹಿಂದೆ ಸರಿದು ಕಾಯುತ್ತಿದ್ದ ಕೈ ಈಗ ಮುಂದಕ್ಕೆ ತಳ್ಳಬೇಕು. ತಪ್ಪಿದರೆ ಮುಖಕ್ಕೇ ಪೆಟ್ಟು. ದೂರದಲ್ಲಿ ನಿಂತು ಉಂಡೆ ಬಿಡುತ್ತಾ ಕಾಲ ತಳ್ಳುವ ಆಟ ಆ ಭಾಗದಲ್ಲಿ ಹೆಚ್ಚುಕಡಿಮೆ ಮುಗಿದೇಹೋಯಿತು.

ಆ ಒಂದು ನಿಯಮದಿಂದ ಎಂಥ ಗಳಿಗೆ ಹುಟ್ಟಬಹುದು ಎಂಬುದಕ್ಕೆ 2004ರ ಇವೊ ಟೂರ್ನಿಯಲ್ಲಿ ಡೈಗೊ ಉಮೆಹರಾ ಮತ್ತು ಜಸ್ಟಿನ್ ವಾಂಗ್ ಆಡಿದ ಪಂದ್ಯ ಸಾಕ್ಷಿ. ಆಡಿದ್ದು ಸ್ಟ್ರೀಟ್ ಫೈಟರ್ 3ರ ಮೂರನೆಯ ರೂಪವಾದ 1999ರ ಥರ್ಡ್ ಸ್ಟ್ರೈಕ್. ಉಮೆಹರಾ ಅವರ ಪಾತ್ರವಾದ ಕೆನ್‌ಗೆ ಉಳಿದಿದ್ದ ಜೀವ ಕೂದಲೆಳೆಯಷ್ಟು. ವಾಂಗ್ ಅವರ ಚುನ್‌ಲಿ ಸೂಪರ್ ವರಸೆ ಹೂಡಿದಳು. ತಡೆದರೂ ಆ ಸವೆತದಲ್ಲೇ ಸೋಲು ಖಚಿತ. ಉಮೆಹರಾ ತಡೆಯಲಿಲ್ಲ. ಸುರಿಮಳೆಯಂತೆ ಬಂದ ಒದೆತಗಳನ್ನು ಒಂದೊಂದಾಗಿ ಪ್ಯಾರಿ ಮಾಡಿದರು, ಕೊನೆಯದನ್ನು ಹಾರಿ ಗಾಳಿಯಲ್ಲಿ ಕಳಚಿದರು, ಇಳಿದವರೇ ತಿರುಗಿ ಹೊಡೆದು ಆ ಸುತ್ತನ್ನು ಗೆದ್ದರು. ಆ ವಿಡಿಯೊ ನೋಡಿ ಈ ಆಟಗಳಿಗೆ ಬಂದವರು ಅಸಂಖ್ಯ. ಸ್ಟ್ರೀಟ್ ಫೈಟರ್ 2ರ ನಿಯಮಗಳಲ್ಲಿ ಆ ದೃಶ್ಯ ಸಾಧ್ಯವೇ ಇರಲಿಲ್ಲ. ಮುಂದಿನ ಭಾಗವೊಂದು ಹೊಸತನ ತಂದಿದೆ ಎಂದು ನಾನು ಹೇಳುವುದು ಇಂಥದ್ದಕ್ಕೆ.

2008ರ ನಾಲ್ಕನೆಯ ಭಾಗ ಪ್ಯಾರಿಯನ್ನು ಕೈಬಿಟ್ಟು ಫೋಕಸ್ ಅಟ್ಯಾಕ್ ಕೊಟ್ಟಿತು. ಎರಡು ಬಟನ್‌ಗಳನ್ನು ಹಿಡಿದು ನಿಂತರೆ ಒಂದು ಪೆಟ್ಟನ್ನು ಮೈಯಲ್ಲಿ ಹೀರಿಕೊಂಡು ಮುನ್ನುಗ್ಗಬಹುದು. ಕಳೆದ ಜೀವ ಮತ್ತೆ ಪೆಟ್ಟು ಬೀಳದಿದ್ದರೆ ನಿಧಾನವಾಗಿ ಮರಳುತ್ತದೆ. ಒಂದು ಉಂಡೆಯನ್ನು ಹೀರಬಹುದು, ಬೆನ್ನಿಗೇ ಇನ್ನೊಂದು ಪೆಟ್ಟು ಬಿದ್ದರೆ ಕಷ್ಟ. ಹಾಗಾಗಿ ಹಡೋಕೆನ್ ಮತ್ತೆ ಅಖಾಡಕ್ಕೆ ಮರಳಿತು, ಆದರೆ ಎರಡನೆಯ ಭಾಗದಲ್ಲಿದ್ದ ದರ್ಪವಿಲ್ಲದೆ.

ಇನ್ನು ಸ್ಟ್ರೀಟ್ ಫೈಟರ್ 6. ಇಲ್ಲಿ ಜೀವದ ಪಟ್ಟಿಯ ಕೆಳಗೆ ಡ್ರೈವ್ ಗೇಜ್ ಎಂಬ ಆರು ಕಟ್ಟಿನ ಹಸಿರು ಪಟ್ಟಿ ಇದೆ. ಸುತ್ತು ಶುರುವಾಗುವಾಗಲೇ ಅದು ತುಂಬಿರುತ್ತದೆ. ಸುಮ್ಮನೆ ತಡೆದರೆ ಅದು ಸೋರುತ್ತದೆ. ಡ್ರೈವ್ ಪ್ಯಾರಿಯಿಂದ ಎದುರಿಸಿದರೆ ತುಂಬುತ್ತದೆ. ಪೂರ್ತಿ ಬರಿದಾದರೆ ಬರ್ನ್‌ಔಟ್. ಆಮೇಲೆ ಸ್ವಲ್ಪ ಹೊತ್ತು ಆಟಗಾರ ಅರ್ಧ ಆಯುಧ ಕಳೆದುಕೊಂಡವನಂತೆ ಆಡಬೇಕು. ಹಡೋಕೆನ್ ಈಗ ಎದುರಾಳಿಯ ಜೀವಕ್ಕಿಂತ ಮೊದಲು ಅವನ ಗೇಜಿನ ಜೊತೆ ವ್ಯವಹರಿಸುತ್ತದೆ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಹೊಸ ಭಾಗದ ಮೊದಲ ಸಂಜೆ ನನ್ನ ಹಳೆಯ ರಿಯುವನ್ನೇ ಹಿಡಿದು ದೂರದಲ್ಲಿ ನಿಂತು ಒಂದರ ಹಿಂದೆ ಒಂದು ಹಡೋಕೆನ್ ಬಿಟ್ಟೆ. ಎದುರಾಳಿ ಎರಡನ್ನು ಪ್ಯಾರಿ ಮಾಡಿದ. ಅವನ ಹಸಿರು ಪಟ್ಟಿ ತುಂಬುತ್ತಿರುವುದು ನನಗೆ ಕಾಣುತ್ತಿತ್ತು. ಅದರ ಅರ್ಥ ಹೊಳೆಯಲಿಲ್ಲ. ಮೂರನೆಯ ಬಾರಿಗೆ ಅವನ ಮೈ ಹಸಿರಾಗಿ ಮಿಂಚಿತು, ಪರದೆಯ ಆ ತುದಿಯಿಂದ ನನ್ನ ಕಾಲ ಬಳಿಗೆ ಜಾರಿ ಬಂದುಬಿಟ್ಟ. ವರ್ಷಗಳ ಅಭ್ಯಾಸದಿಂದ ಕೈ ತಾನಾಗಿ ಕುಳಿತು ಒದೆಯುವ ಬಟನ್ ಒತ್ತಿತು. ಅವನು ಅದಕ್ಕೇ ಕಾದಿದ್ದವನಂತೆ ಡ್ರೈವ್ ಇಂಪ್ಯಾಕ್ಟ್ ಹೂಡಿದ. ಬಣ್ಣ ಚೆಲ್ಲಿದಂತೆ ಪರದೆ ತುಂಬಿತು, ನನ್ನ ಒದೆತವನ್ನು ಮೈಯಲ್ಲಿ ಹೀರಿಕೊಂಡು ಅವನ ಮುಷ್ಟಿ ಬಂತು, ರಿಯು ಮಡಚಿ ಬಿದ್ದ. ಡ್ರೈವ್ ಇಂಪ್ಯಾಕ್ಟ್ ತಾಗಲು 26 ಫ್ರೇಮ್ ಬೇಕು. ಸೆಕೆಂಡಿಗೆ 60 ಫ್ರೇಮ್‌ಗಳ ಲೆಕ್ಕದಲ್ಲಿ ಅದು ಅರ್ಧ ಸೆಕೆಂಡಿಗಿಂತ ಕಡಿಮೆ. ಅಷ್ಟರೊಳಗೆ ನಾನೂ ಡ್ರೈವ್ ಇಂಪ್ಯಾಕ್ಟ್ ಹೂಡಿದ್ದರೆ ಬೀಳುತ್ತಿದ್ದವನು ಅವನು. ಆದರೆ ಹಳೆಯ ಆಟದಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ನನ್ನ ಬೆರಳಿಗೆ ಉತ್ತರ ಎಲ್ಲಿಂದ ಬರಬೇಕು? ಅದೇ ರಿಯು, ಅದೇ ಹಡೋಕೆನ್. ನಾನು ಮಾತ್ರ ಅಕ್ಷರಾಭ್ಯಾಸದಿಂದ ಶುರುಮಾಡಬೇಕಾಯಿತು. ಅಂದಿನ ಸೋಲಿನಷ್ಟು ಖುಷಿ ಕೊಟ್ಟ ಸೋಲು ನನಗೆ ಬೇರೆ ನೆನಪಿಲ್ಲ.

ಪಟ್ಟಿ ಬೆಳೆದ ಮಾತ್ರಕ್ಕೆ

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಅದೇ ಸರಣಿಯಲ್ಲಿದೆ. 1991ರಿಂದ 1994ರೊಳಗೆ ಸ್ಟ್ರೀಟ್ ಫೈಟರ್ 2 ಐದು ರೂಪಗಳಲ್ಲಿ ನಾಣ್ಯ ಹಾಕಿ ಆಡುವ ಆರ್ಕೇಡ್‌ಗಳಿಗೆ ಬಂತು. ತಯಾರಕರಾದ ಕ್ಯಾಪ್‌ಕಾಮ್‌ನವರ ಬಗ್ಗೆ ‘ಇವರಿಗೆ ಮೂರರವರೆಗೆ ಎಣಿಸಲು ಬರುವುದಿಲ್ಲ’ ಎಂಬ ಗೇಲಿ ಆಗ ಹುಟ್ಟಿದ್ದು. ಗೇಲಿ ಅರ್ಧ ನ್ಯಾಯವಾದದ್ದು. 1992ರ ಚಾಂಪಿಯನ್ ಎಡಿಷನ್ ನಾಲ್ವರು ಖಳರನ್ನು ಆಡಲು ಕೊಟ್ಟಿತು, ಇಬ್ಬರೂ ಒಂದೇ ಪಾತ್ರವನ್ನು ಆರಿಸಬಹುದು ಎಂದಿತು. ಅದೇ ವರ್ಷದ ಕೊನೆಯಲ್ಲಿ ಬಂದ ಟರ್ಬೊ ಒಬ್ಬ ಹೊಸ ಪಾತ್ರವನ್ನೂ ಸೇರಿಸಲಿಲ್ಲ. ವೇಗ ಹೆಚ್ಚಿಸಿತು, ಚುನ್‌ಲಿಗೆ ಕಿಕೊಕೆನ್ ಎಂಬ ಉಂಡೆ ಕೊಟ್ಟಿತು, ಧಾಲ್ಸಿಮ್‌ನನ್ನು ಮಾಯವಾಗಿ ಇನ್ನೊಂದೆಡೆ ಮೂಡುವಂತೆ ಮಾಡಿತು. ಯೋಚಿಸಲು ಸಿಗುವ ಸಮಯ ಕುಗ್ಗಿತು, ಅಂತರದ ಲೆಕ್ಕ ತಿರುಗಿತು. 1993ರ ಸೂಪರ್ ನಾಲ್ಕು ಹೊಸ ಪಾತ್ರಗಳನ್ನು, ಹೊಸ ಚಿತ್ರಗಳನ್ನು, ಹೊಸ ಧ್ವನಿಗಳನ್ನು ತಂದಿತು, ಆದರೆ ವೇಗ ಇಳಿಸಿತು. ಪಟ್ಟಿ ನೋಡಿದರೆ ದೊಡ್ಡ ಹೆಜ್ಜೆ. ಟರ್ಬೊಗೆ ಒಗ್ಗಿದ ಕೈಗಳಿಗೆ ಅದು ಹಿಂದಕ್ಕಿಟ್ಟ ಹೆಜ್ಜೆ. ಮರುವರ್ಷದ ಸೂಪರ್ ಟರ್ಬೊ ವೇಗವನ್ನು ಮರಳಿಸಿ, ಪಟ್ಟಿ ತುಂಬಿದಾಗ ಬಿಡಬಹುದಾದ ಸೂಪರ್ ಕಾಂಬೋ ಎಂಬ ಬಲವಾದ ವರಸೆಯನ್ನು ಸೇರಿಸಿತು. ಐದರಲ್ಲಿ ಇಂದಿಗೂ ಪಂದ್ಯಗಳಲ್ಲಿ ಬಾಳುತ್ತಿರುವುದು ಮುಖ್ಯವಾಗಿ ಅದೇ.

ಅಂದಹಾಗೆ, ಕಾಂಬೋ ಎಂಬುದೇ ಸ್ಟ್ರೀಟ್ ಫೈಟರ್ 2ರಲ್ಲಿ ಯಾರೂ ಬೇಕೆಂದು ಇಟ್ಟದ್ದಲ್ಲ. ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ತಪ್ಪಿಸಿಕೊಳ್ಳಲಾಗದಂತೆ ಹೊರಳಬಹುದು ಎಂಬುದು ತಯಾರಿಕೆಯ ನಡುವೆ ಕಣ್ಣಿಗೆ ಬಿತ್ತು, ಹಾಗೆಯೇ ಉಳಿಯಿತು. ಇಡೀ ಪ್ರಕಾರದ ಬೆನ್ನೆಲುಬಾದ ಹೊಸತನ ಜಾಹೀರಾತಿನಲ್ಲಿ ಬಂದದ್ದಲ್ಲ. ಹಾಗಾಗಿ ಹೊಸ ಭಾಗದ ಪೆಟ್ಟಿಗೆಯ ಮೇಲೆ ಬರೆದ ಅಂಶಗಳನ್ನು ಎಣಿಸಿ ತೀರ್ಪು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಸ್ಟ್ರೀಟ್ ಫೈಟರ್ 5 ಅಥವಾ 6

ಈ ಆಯ್ಕೆಯಲ್ಲಿ ನನಗೆ ಅನುಮಾನವೇ ಇಲ್ಲ: ಆರಕ್ಕೆ ಹೋಗಿ. 2016ರ ಫೆಬ್ರವರಿಯಲ್ಲಿ ಐದನೆಯ ಭಾಗ 16 ಪಾತ್ರಗಳೊಂದಿಗೆ ಬಂದಾಗ ಅದರಲ್ಲಿ ಒಬ್ಬರೇ ಕೂತು ಒಬ್ಬೊಬ್ಬ ಎದುರಾಳಿಯನ್ನು ಎದುರಿಸುತ್ತಾ ಹೋಗುವ ಆರ್ಕೇಡ್ ಮೋಡ್ ಕೂಡ ಇರಲಿಲ್ಲ. ಅದು ಸೇರಿದ್ದು 2018ರಲ್ಲಿ. 2020ರ ಹೊತ್ತಿಗೆ 40 ಪಾತ್ರಗಳಾಗಿ ತುಂಬಿಕೊಂಡು ಗಟ್ಟಿಯಾದ ಆಟವಾಯಿತು, ಅದನ್ನು ಪ್ರೀತಿಸಿದವರ ಮೇಲೆ ನನಗೆ ಗೌರವವಿದೆ. ಆದರೆ ಎರಡರ ನಡುವಿನ ವ್ಯತ್ಯಾಸ ಪಾತ್ರಗಳಲ್ಲಿಲ್ಲ. ಐದರಲ್ಲಿ ವಿ-ಟ್ರಿಗರ್ ಎಂಬ ಬಲ ಪೆಟ್ಟು ತಿನ್ನುತ್ತಾ ಹೋದಂತೆ ಕೈಗೆ ಬರುತ್ತದೆ. ಸೋಲುತ್ತಿರುವವನಿಗೆ ಆಟ ಒಂದು ಸಾಲ ಕೊಡುತ್ತದೆ. ಆರರಲ್ಲಿ ಎಲ್ಲ ಬಂಡವಾಳವನ್ನೂ ಮೊದಲೇ ಕೈಗಿತ್ತು ‘ನೋಡಿಕೊಂಡು ಖರ್ಚು ಮಾಡು’ ಎನ್ನುತ್ತದೆ. ಒಂದು ಪೆಟ್ಟನ್ನು ಅರ್ಧದಲ್ಲಿ ಕತ್ತರಿಸಿ, ಹಸಿರಾಗಿ ಮಿಂಚಿ ಮುನ್ನುಗ್ಗುವ ಡ್ರೈವ್ ರಶ್‌ಗೆ ಹೊರಳಲು ಮೂರು ಕಟ್ಟು ಬೇಕು. ಪ್ಯಾರಿಯಿಂದ ಹೊರಟರೆ ಒಂದೇ ಕಟ್ಟು. ಪ್ರತಿ ಸುತ್ತಿನಲ್ಲಿಯೂ ಈ ಲೆಕ್ಕ ನಡೆಯುತ್ತದೆ. ಆಟದ ಆಲೋಚನೆಯನ್ನೇ ತಲೆಕೆಳಗು ಮಾಡಿದ ಬದಲಾವಣೆ ಇದು.

ಹೊಸಬರನ್ನು ಜೊತೆಗೆ ಕೂರಿಸಿಕೊಂಡು ಆಡುವವರಿಗೆ ಆರರ ಮಾಡರ್ನ್ ಕಂಟ್ರೋಲ್ ಇನ್ನೊಂದು ಕಾರಣ. ಒಂದೇ ಬಟನ್ ಒತ್ತಿ ಹಡೋಕೆನ್ ಬಿಡಬಹುದು; ಹಾಗೆ ಸುಲಭದ ದಾರಿಯಲ್ಲಿ ಬಿಟ್ಟ ವಿಶೇಷ ವರಸೆಗೆ ಪೆಟ್ಟಿನ ಬಲ ಐದರಲ್ಲೊಂದು ಪಾಲು ಕಡಿಮೆ. ಇದು ಹಳಬರಿಗೆ ಮಾಡಿದ ಅನ್ಯಾಯ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಬೆರಳು ಪಳಗುವ ಮುನ್ನವೇ ಅಂತರ, ಸಮಯ, ಎದುರಾಳಿಯ ಮನಸ್ಸು ಇವುಗಳ ರುಚಿ ಹತ್ತಿದರೆ ಅವರು ಉಳಿಯುತ್ತಾರೆ. ಇಷ್ಟು ವರ್ಷ ನಾವು ಕಳೆದುಕೊಂಡದ್ದು ಇಂಥವರನ್ನೇ.

ಟೆಕ್ಕೆನ್ 7 ಅಥವಾ 8

ಇಲ್ಲಿ ಉತ್ತರ ಅಷ್ಟು ಸಲೀಸಲ್ಲ.

ಟೆಕ್ಕೆನ್‌ನ ನಾಲ್ಕು ಬಟನ್‌ಗಳು ಎರಡು ಕೈ, ಎರಡು ಕಾಲು. 1990ರ ದಶಕದಿಂದ ಅದು ಬದಲಾಗಿಲ್ಲ, ಬದಲಾಗಬೇಕಾಗಿಯೂ ಇಲ್ಲ. ಈ ಸರಣಿಯ ಹಳೆಯ ಹೊಸತನ ಎಂದರೆ ಚಲನೆ. 1997ರ ಟೆಕ್ಕೆನ್ 3 ಎಲ್ಲರಿಗೂ ಪಕ್ಕಕ್ಕೆ ಸರಿಯುವ ಹೆಜ್ಜೆ ಕೊಟ್ಟಿತು. ಅಂದಿನಿಂದ ಮೂರನೆಯ ಆಯಾಮ ನಿಜವಾಗಿ ಬಳಕೆಗೆ ಬಂತು. ಏಳನೆಯ ಭಾಗ, ಅಂದರೆ 2015ರಲ್ಲಿ ಆರ್ಕೇಡ್‌ಗೆ, 2017ರಲ್ಲಿ ಮನೆಗೆ ಬಂದದ್ದು, ಈ ಚಲನೆಯ ಆಟದ ಪಕ್ವ ರೂಪ. ಹಿಂದಕ್ಕೆ ಜಿಗಿಯುತ್ತಾ, ಕೂತು ಏಳುತ್ತಾ, ಮತ್ತೆ ಜಿಗಿಯುತ್ತಾ ಎದುರಾಳಿಯ ಪೆಟ್ಟು ಅಂಗುಲದಷ್ಟರಲ್ಲಿ ತಪ್ಪುವಂತೆ ಮಾಡಿ, ಅವನು ತಡವರಿಸಿದ ಆ ಗಳಿಗೆಯಲ್ಲಿ ಹೊಡೆಯುವುದು. ನನ್ನ ಗೆಳೆಯನೊಬ್ಬ ಇದರಲ್ಲಿ ನಿಪುಣ. ಅವನ ಪಂದ್ಯ ನೋಡಿದರೆ ಮೊದಲ ಹತ್ತು ಸೆಕೆಂಡು ಏನೂ ನಡೆಯುತ್ತಿಲ್ಲ ಎನಿಸುತ್ತದೆ. ನಡೆಯುತ್ತಿರುವುದು ಅಷ್ಟೂ ಹೆಜ್ಜೆಗಳಲ್ಲಿ.

2024ರ ಜನವರಿಯಲ್ಲಿ 32 ಪಾತ್ರಗಳೊಂದಿಗೆ ಬಂದ ಎಂಟನೆಯ ಭಾಗ ಹೀಟ್ ಎಂಬುದನ್ನು ತಂದಿತು. ಪ್ರತಿ ಸುತ್ತಿನಲ್ಲಿ ಒಮ್ಮೆ, ಹತ್ತು ಸೆಕೆಂಡುಗಳ ಮಟ್ಟಿಗೆ, ಪಾತ್ರಕ್ಕೆ ಹೊಸ ಬಲ ಬರುತ್ತದೆ. ತಡೆದ ಪೆಟ್ಟುಗಳೂ ಜೀವವನ್ನು ಸವೆಸುತ್ತವೆ. ಹಾಗೆ ಸವೆದದ್ದನ್ನು ತಿರುಗಿ ಹೊಡೆದು ಮರಳಿ ಗಳಿಸಬಹುದು. ಹಿಂದೆ ಸರಿಯುವವರಿಗೆ ಆಟ ಹೇಳುವುದು ಇಷ್ಟೇ: ಕಾಯಬೇಡ, ನುಗ್ಗು. ನನ್ನ ಅಳತೆಯ ಪ್ರಕಾರ ಇದು ಖಂಡಿತ ಹೊಸ ಆಟ. ಅರೆ ಸೆಕೆಂಡಿನ ಪ್ರಶ್ನೆ ಬದಲಾಗಿದೆ. ಆದರೆ ನನ್ನ ಗೆಳೆಯನ ಕಣ್ಣಿನಿಂದ ನೋಡಿದರೆ, ಅವನು ಹತ್ತು ಬಗೆಯಲ್ಲಿ ಉತ್ತರಿಸುತ್ತಿದ್ದ ಪ್ರಶ್ನೆಯ ಜಾಗದಲ್ಲಿ ಈಗ ‘ಇದನ್ನು ಊಹಿಸು ನೋಡೋಣ’ ಎಂಬ ಇಬ್ಬಗೆಯ ಪ್ರಶ್ನೆ ಕೂತಿದೆ. ಹೊಸತನ ಬಂತು, ಆಯ್ಕೆ ಕಿರಿದಾಯಿತು ಎಂಬುದು ಅವನ ಕೊರಗು. 2025ರ ಏಪ್ರಿಲ್‌ನಲ್ಲಿ ಎರಡನೆಯ ಸೀಸನ್‌ನ ಬದಲಾವಣೆಗಳು ದಾಳಿಯತ್ತ ಇನ್ನಷ್ಟು ವಾಲಿದಾಗ ವೃತ್ತಿಪರ ಆಟಗಾರರೂ ಸೇರಿ ಅಪಾರ ಜನ ಸಿಟ್ಟಾದರು. ಆಮೇಲೆ ತಿದ್ದುಪಡಿಗಳು ಬಂದವು.

ನನ್ನ ಸಲಹೆ ಹೀಗೆ. ಟೆಕ್ಕೆನ್‌ಗೆ ಹೊಸಬರಾಗಿದ್ದರೆ ಎಂಟನ್ನೇ ಕೊಳ್ಳಿ. ಕಲಿಸುವ ವಿಧಾನ ಅದರಲ್ಲಿ ಬಹಳ ಚೆನ್ನಾಗಿದೆ: ಮುಗಿದ ಪಂದ್ಯವನ್ನು ಮತ್ತೆ ನೋಡುತ್ತಾ ನಡುವೆ ನಿಲ್ಲಿಸಿ ಆ ಗಳಿಗೆಯನ್ನು ತಾವೇ ಆಡಿ ನೋಡಬಹುದು, ತಮ್ಮದೇ ಆಟವನ್ನು ಅನುಕರಿಸುವ ನೆರಳಿನೊಂದಿಗೆ ಸೆಣಸಬಹುದು. ಏಳರಲ್ಲಿ ಚಲನೆಯ ಮೇಲೆ ಆಟ ಕಟ್ಟಿಕೊಂಡವರಾದರೆ, ಮತ್ತು ಎದುರಾಳಿಗಳ ಬಳಗ ಇನ್ನೂ ಅಲ್ಲೇ ಇದ್ದರೆ, ಅವಸರ ಬೇಡ. ಏಳು ಹಳತಾಗಿದೆ, ಮುಗಿದಿಲ್ಲ.

ಈ ಸರಣಿಯಲ್ಲೇ ಇನ್ನೊಂದು ಪಾಠವಿದೆ. ಟೆಕ್ಕೆನ್ 4 ಏರುತಗ್ಗಿನ ನೆಲ, ಸುತ್ತ ಗೋಡೆ ಎರಡನ್ನೂ ತಂದಿತ್ತು. ನೆಲ ಯಾರಿಗೂ ಹಿಡಿಸಲಿಲ್ಲ. ಅದೇ ಕಾಂಬೋ ಇಲ್ಲಿ ತಾಗುತ್ತದೆ, ಎರಡು ಹೆಜ್ಜೆ ಆಚೆ ತಾಗುವುದಿಲ್ಲ. ಐದನೆಯ ಭಾಗ ನೆಲವನ್ನು ಸಮತಟ್ಟು ಮಾಡಿತು, ಗೋಡೆಯನ್ನು ಉಳಿಸಿಕೊಂಡಿತು. ಇಂದು ಗೋಡೆಯಿಲ್ಲದ ಟೆಕ್ಕೆನ್ ಅನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಎಡವಿದ ಭಾಗವೊಂದು ಬಿಟ್ಟುಹೋದ ಅರ್ಧ ಹೊಸತನದ ಮೇಲೆ ಮುಂದಿನದು ನಿಲ್ಲುತ್ತದೆ. ಹಾಗಾಗಿ ಈಗಿನ ಎಂಟರ ಬಗ್ಗೆಯೂ ನಾನು ಕೊನೆಯ ಮಾತು ಹೇಳುವುದಿಲ್ಲ.

ಉಳಿದ ಸರಣಿಗಳು, ಚುಟುಕಾಗಿ

ಮಾರ್ಟಲ್ ಕಾಂಬ್ಯಾಟ್ ಪ್ರತಿ ಭಾಗದಲ್ಲಿಯೂ ಒಂದು ದೊಡ್ಡ ನಿಯಮವನ್ನು ಕಿತ್ತು ಇನ್ನೊಂದನ್ನು ನೆಡುವ ಸರಣಿ. 2015ರದ್ದು ಪ್ರತಿ ಪಾತ್ರಕ್ಕೂ ಮೂರು ರೂಪಾಂತರ ಕೊಟ್ಟಿತು, 2019ರ ಹನ್ನೊಂದನೆಯದು ಆಟವನ್ನು ನಿಧಾನಗೊಳಿಸಿ ರೂಪಾಂತರವನ್ನು ಆಟಗಾರರೇ ಜೋಡಿಸಿಕೊಳ್ಳಲು ಬಿಟ್ಟಿತು, 2023ರ ಮಾರ್ಟಲ್ ಕಾಂಬ್ಯಾಟ್ 1 ಕ್ಯಾಮಿಯೊ ಎಂಬ ಸಹಾಯಕನನ್ನು ಜೊತೆಗೆ ಕಳಿಸಿತು. ಹೊಸತನಕ್ಕೆ ಇಲ್ಲಿ ಬರವಿಲ್ಲ. ಯಾವುದೂ ನೆಲೆಯೂರುವ ಮುನ್ನ ಮುಂದಿನದು ಬರುತ್ತದೆ ಎಂಬುದೇ ನನ್ನ ತಕರಾರು. ಕಥೆಗಾಗಿ ಆಡುವವರು ಹೊಸದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಪಂದ್ಯಕ್ಕಾಗಿ ಆಡುವವರು ತಮಗೆ ಸಹಾಯಕರ ಆಟ ಇಷ್ಟವೇ ಎಂದು ಮೊದಲು ಕೇಳಿಕೊಳ್ಳಲಿ.

ಗಿಲ್ಟಿ ಗಿಯರ್ ಬಗ್ಗೆ ಬರೆಯುವಾಗ ನನ್ನ ಮನಸ್ಸು ಎರಡಾಗುತ್ತದೆ. 2021ರ ಸ್ಟ್ರೈವ್ ಹಿಂದಿನ ಎಕ್ಸರ್ಡ್‌ನ ಉದ್ದುದ್ದ ಸರಪಳಿಗಳನ್ನು ಕತ್ತರಿಸಿತು. ಪೆಟ್ಟುಗಳು ಕಡಿಮೆ, ಆದರೆ ಒಂದೊಂದೂ ಸಿಡಿಲು. ಮೂಲೆಗೆ ಸಿಕ್ಕವನನ್ನು ಹೊಡೆಯುತ್ತಾ ಹೋದರೆ ಗೋಡೆಯೇ ಒಡೆದು ಇಬ್ಬರೂ ಹೊಸ ಜಾಗಕ್ಕೆ ಬೀಳುತ್ತಾರೆ. ಮೂಲೆಯಲ್ಲಿ ಕೊನೆಯಿಲ್ಲದೆ ನಲುಗುವುದಕ್ಕೆ ಅಲ್ಲಿಗೆ ತೆರೆ. ಕಳೆದದ್ದೂ ದೊಡ್ಡದು, ಬಂದದ್ದೂ ದೊಡ್ಡದು. ಸಡಗರದ ಹಳೆಯ ರೂಪ ಬೇಕೆನ್ನುವವರಿಗೆ ಆಕ್ಸೆಂಟ್ ಕೋರ್ ಪ್ಲಸ್ ಆರ್ ಇದೆ. 2020ರಲ್ಲಿ ಅದಕ್ಕೆ, ಅಂತರ್ಜಾಲದ ಪಂದ್ಯವನ್ನು ತಡೆಯಿಲ್ಲದೆ ನಡೆಸುವ ರೋಲ್‌ಬ್ಯಾಕ್ ಸೇರಿದ ಮೇಲೆ ಅದು ಮರುಹುಟ್ಟು ಪಡೆಯಿತು.

ಕಿಂಗ್ ಆಫ್ ಫೈಟರ್ಸ್ 1994ರಿಂದ 2003ರವರೆಗೆ ವರ್ಷಕ್ಕೊಂದರಂತೆ ಹತ್ತು ಭಾಗ ಬಂತು. ವರ್ಷವರ್ಷದ ಬದಲಾವಣೆ ಸಣ್ಣದು, ಎಲ್ಲವೂ ಒಳ್ಳೆಯದಲ್ಲ. ಆದರೆ 96ರ ಉರುಳುವಿಕೆ, ಓಟ, ಗಿಡ್ಡ ಜಿಗಿತ ಇವು ಸರಣಿಯ ನಡಿಗೆಯನ್ನೇ ಬದಲಿಸಿದವು. ಎಲ್ಲ ಸೋಸಿ ಪಾಕ ಬಂದದ್ದು 98 ಮತ್ತು 2002ರಲ್ಲಿ. ಹಳೆಯದನ್ನು ಆಡಬೇಕೆಂದರೆ ಆ ಎರಡು. ಇಂದಿನ ಎದುರಾಳಿಗಳು ಬೇಕೆಂದರೆ 2022ರ ಹದಿನೈದನೆಯದು.

ಸ್ಮ್ಯಾಶ್ ಬ್ರದರ್ಸ್ ಈ ಚರ್ಚೆಯಲ್ಲಿ ಅತ್ಯಂತ ವಿಚಿತ್ರ ಪ್ರಕರಣ. 2001ರ ಮೆಲೀ ನಂತರ ಮೂರು ಭಾಗಗಳು ಬಂದಿವೆ, 2018ರ ಅಲ್ಟಿಮೇಟ್ ಹಿಂದೆ ಬಂದ ಎಲ್ಲ ಪಾತ್ರಗಳನ್ನೂ ಒಟ್ಟುಗೂಡಿಸಿದೆ. ಆದರೂ ಮೆಲೀ ಆಡುವವರು ಕದಲಿಲ್ಲ. ನಡುವೆ 2008ರ ಬ್ರಾಲ್‌ನಲ್ಲಿ ಓಡುವಾಗ ಪಾತ್ರ ಅಕಸ್ಮಾತ್ ಎಡವಿ ಬೀಳುವ ನಿಯಮವಿತ್ತು. ಅದೂ ಹೊಸತನವೇ! ಆಟಗಾರನ ಕೈಯಿಂದ ನಿರ್ಧಾರವನ್ನು ಕಸಿಯುವ ಹೊಸತನ. ಅದಕ್ಕೇ ಅದು ಮುಂದೆ ಉಳಿಯಲಿಲ್ಲ. ಮೆಲೀ ಆಡುವವರಿಗೆ ಗಾಳಿಯಲ್ಲಿ ಓರೆಯಾಗಿ ತಪ್ಪಿಸಿಕೊಂಡು ನೆಲದ ಮೇಲೆ ಜಾರುವ ವೇವ್‌ಡ್ಯಾಷ್‌ನಂಥ ಚಲನೆಗಳೇ ಉಸಿರು. ಅದು ಅಲ್ಟಿಮೇಟ್‌ನಲ್ಲಿ ಆ ರೂಪದಲ್ಲಿ ಇಲ್ಲ. ಎರಡನ್ನೂ ಆಡಿ. ಒಂದು ಇನ್ನೊಂದರ ಮುಂದಿನ ಭಾಗ ಎಂದು ನೋಡುವುದನ್ನೇ ಬಿಟ್ಟರೆ ಗೊಂದಲ ಉಳಿಯುವುದಿಲ್ಲ.

ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ ಸರಣಿಯಲ್ಲಿ ಎರಡನೆಯದನ್ನು ಅಥವಾ ಅಲ್ಟಿಮೇಟ್ 3 ಅನ್ನು ಆರಿಸಿಕೊಳ್ಳಿ. ಮೂವರ ತಂಡವನ್ನು ಇಬ್ಬರಿಗೆ ಇಳಿಸಿದ 2017ರ ಇನ್ಫಿನಿಟ್‌ನ ಆಟದೊಳಗಿನ ಯೋಚನೆ ಚೆನ್ನಾಗಿತ್ತು, ಆದರೆ ಜನ ಪ್ರೀತಿಸಿದ ಪಾತ್ರಗಳು ಅಲ್ಲಿರಲಿಲ್ಲ. ಪಾತ್ರಗಳ ಪಟ್ಟಿ ಮುಖ್ಯವಲ್ಲ ಎಂಬ ನನ್ನ ಮಾತಿಗೆ ಇದೊಂದು ಅಪವಾದ ಎಂದು ಒಪ್ಪುತ್ತೇನೆ. ವರ್ಚುವಾ ಫೈಟರ್‌ಗೆ ಆಯ್ಕೆಯ ತೊಡಕೇ ಇಲ್ಲ: 2006ರ ಐದನೆಯ ಭಾಗವೇ ತಿದ್ದಿ ತೀಡಿಕೊಂಡು 2025ರ ರೂಪದವರೆಗೆ ಬಂದಿದೆ. ಅದರ ಹೊಸ ರೂಪವನ್ನೇ ತೆಗೆದುಕೊಳ್ಳಿ.

ಕಣ್ಣಿಗೆ ಕಾಣದ ಹೊಸತನ

ಜಾಹೀರಾತಿನ ವಿಡಿಯೊದಲ್ಲಿ ತೋರಿಸಲಾಗದ ಒಂದು ಸಂಗತಿ ಕಳೆದ ಕೆಲವು ವರ್ಷಗಳಲ್ಲಿ ಯಾವ ಹೊಸ ಗೇಜಿಗಿಂತಲೂ ಹೆಚ್ಚು ಕೆಲಸ ಮಾಡಿದೆ. ಅದು ರೋಲ್‌ಬ್ಯಾಕ್ ನೆಟ್‌ಕೋಡ್. ಹಳೆಯ ಪದ್ಧತಿಯಲ್ಲಿ ದೂರದ ಎದುರಾಳಿಯ ಬಟನ್ ಒತ್ತಿದ ಸುದ್ದಿ ಬರುವವರೆಗೆ ಎರಡೂ ಕಡೆ ಆಟ ಕಾಯುತ್ತಿತ್ತು. ಸಂಪರ್ಕ ಸ್ವಲ್ಪ ಕುಂಟಿದರೂ ಜೇನಿನಲ್ಲಿ ಕೈ ಅದ್ದಿ ಆಡಿದಂತೆ. ರೋಲ್‌ಬ್ಯಾಕ್ ಕಾಯುವುದಿಲ್ಲ. ಎದುರಾಳಿ ಹಿಂದಿನ ಫ್ರೇಮ್‌ನಲ್ಲಿ ಮಾಡುತ್ತಿದ್ದುದನ್ನೇ ಮುಂದುವರಿಸುತ್ತಾನೆ ಎಂದು ಊಹಿಸಿ ಆಟವನ್ನು ನಡೆಸುತ್ತದೆ, ಊಹೆ ತಪ್ಪಾದರೆ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ ಸರಿಪಡಿಸುತ್ತದೆ. ಟೋನಿ ಕ್ಯಾನನ್ 2000ರ ದಶಕದಲ್ಲೇ ಜಿಜಿಪಿಒ ಎಂಬ ತಂತ್ರಾಂಶದ ಮೂಲಕ ಇದನ್ನು ಮಾಡಿ ತೋರಿಸಿದ್ದರೂ ದೊಡ್ಡ ಸರಣಿಗಳೆಲ್ಲ ಇದಕ್ಕೆ ಬರಲು ವರ್ಷಗಳೇ ಹಿಡಿದವು.

ನಮ್ಮ ಆಯ್ಕೆಗೆ ಇದರಿಂದ ಏನಾಯಿತು ಎಂದರೆ, ಅರೆ ಸೆಕೆಂಡಿನ ಪ್ರಶ್ನೆಯನ್ನು ನ್ಯಾಯವಾಗಿ ಕೇಳುವ ಶಕ್ತಿಯೇ ಇದರಿಂದ ಬರುತ್ತದೆ. 26 ಫ್ರೇಮ್‌ನ ಪೆಟ್ಟಿಗೆ ಉತ್ತರಿಸಬೇಕಾದಲ್ಲಿ ಎಂಟು ಹತ್ತು ಫ್ರೇಮ್ ದಾರಿಯಲ್ಲೇ ಕಳೆದುಹೋದರೆ ಆ ನಿಯಮ ಕಾಗದದ ಮೇಲಷ್ಟೇ ಇರುತ್ತದೆ. ಹೀಗಾಗಿ ಎರಡು ಭಾಗಗಳ ನಡುವೆ ಮನಸ್ಸು ಡೋಲಾಯಮಾನವಾಗಿದ್ದು, ಒಂದರಲ್ಲಿ ಒಳ್ಳೆಯ ರೋಲ್‌ಬ್ಯಾಕ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಅಂತರ್ಜಾಲದಲ್ಲಿ ಆಡುವವರು ಇರುವುದನ್ನೇ ಆರಿಸಿಕೊಳ್ಳಿ. ಒಂದೇ ಸೋಫಾದ ಮೇಲೆ ಕೂತು ಆಡುವವರು ಇದನ್ನು ಪೂರ್ತಿ ಮರೆಯಬಹುದು.

ಯಾವಾಗ ಕೊಳ್ಳಬೇಕು

ಹಿಂದೆ ಪರಿಷ್ಕೃತ ರೂಪಕ್ಕೆ ಮತ್ತೆ ಪೂರ್ತಿ ಹಣ ಕೊಟ್ಟು ಹೊಸ ಡಿಸ್ಕ್ ಕೊಳ್ಳಬೇಕಿತ್ತು. 2011ರ ಫೆಬ್ರವರಿಯಲ್ಲಿ ಬಂದ ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 3ಕ್ಕೆ ಅದೇ ನವೆಂಬರ್‌ನಲ್ಲಿ 12 ಹೊಸ ಪಾತ್ರಗಳ ಅಲ್ಟಿಮೇಟ್ ರೂಪ ಬಂದಾಗ ಎದ್ದ ಕೋಪ ನ್ಯಾಯವಾದದ್ದೇ. ಈಗ ನಿಯಮಗಳ ತಿದ್ದುಪಡಿ ಉಚಿತವಾಗಿ ಬರುತ್ತದೆ, ಪಾತ್ರಗಳಿಗೆ ಬೇರೆ ಹಣ. ಆಟ ಒಂದು ದಿನ ಹುಟ್ಟಿ ಮುಗಿಯುವ ವಸ್ತುವಾಗಿ ಉಳಿದಿಲ್ಲ. ಮೊದಲ ವರ್ಷದ್ದೂ ಮೂರನೆಯ ವರ್ಷದ್ದೂ ಬೇರೆ ಆಟಗಳೇ. ಪೈಪೋಟಿಯ ಕಾವು ಬೇಕೆನ್ನುವವರು, ಎಲ್ಲರೂ ಒಟ್ಟಿಗೆ ತಡವರಿಸಿ ಕಲಿಯುವ ಮೊದಲ ತಿಂಗಳ ಸಂಭ್ರಮ ಬೇಕೆನ್ನುವವರು ಬಿಡುಗಡೆಯ ದಿನವೇ ಕೊಳ್ಳಲಿ. ಆ ತಿಂಗಳು ಮತ್ತೆ ಬರುವುದಿಲ್ಲ. ಒಬ್ಬರೇ ಕೂತು ಆಡುವವರು ಒಂದು ವರ್ಷ ಕಾದರೆ ಎಲ್ಲ ಪಾತ್ರಗಳೂ ಸೇರಿದ ಕಟ್ಟು ಕಡಿಮೆ ಬೆಲೆಗೆ ಸಿಗುವ ಸಂಭವ ಹೆಚ್ಚು.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ ನೋಡಿ. ಹೊಸ ಭಾಗದ ಡೆಮೊ ಇದ್ದರೆ ಅದರಲ್ಲಿ, ಇಲ್ಲವೇ ಈಗಾಗಲೇ ಕೊಂಡ ಸ್ನೇಹಿತರ ಬಳಿ, ನಿಮ್ಮ ಹಳೆಯ ಪಾತ್ರವನ್ನೇ ಹಿಡಿದು ಹತ್ತು ಪಂದ್ಯ ಆಡಿ. ಏನನ್ನೂ ಓದಿಕೊಳ್ಳದೆ, ಹೊಸ ಗೇಜನ್ನು ಬೇಕೆಂದು ಬಳಸದೆ, ಕೈಗೆ ಅಭ್ಯಾಸವಾದಂತೆಯೇ ಆಡಿ. ಆಮೇಲೆ ಆ ಪಂದ್ಯಗಳನ್ನು ಮತ್ತೆ ಹಾಕಿ ನೋಡಿ, ಒಂದು ಹಾಳೆ ಇಟ್ಟುಕೊಂಡು, ಯಾವ ಹಳೆಯ ಅಭ್ಯಾಸಕ್ಕೆ ಎಷ್ಟು ಬಾರಿ ಪೆಟ್ಟು ಬಿತ್ತು ಎಂದು ಗುರುತು ಹಾಕುತ್ತಾ ಹೋಗಿ. ಹಾಳೆ ಖಾಲಿಯಾಗಿಯೇ ಉಳಿದರೆ ಹಣ ಜೇಬಿನಲ್ಲಿರಲಿ, ಹಳೆಯದೇ ಸಾಕು. ಹಾಳೆ ತುಂಬಿ, ಅದನ್ನು ನೋಡುತ್ತಿರುವಾಗಲೇ ಕೈ ಮತ್ತೆ ಕಂಟ್ರೋಲರ್ ಕಡೆಗೆ ಹೋದರೆ, ಹನ್ನೊಂದನೆಯ ಪಂದ್ಯ ಶುರುಮಾಡಿ.